ಕುರ್ಚಿ ಲೆಕ್ಕ

ವಾದಿ ಸುಫೈರಿಯ ಶಾಲೆಯಲ್ಲಿ ಕುರ್ಚಿ ಹಾಕುವವನು ನಾನು.
ಫುಜೈರಾದಿಂದ ಗುಡ್ಡ ಹತ್ತಿ ಬಂದು, ಟಯರ್ ಅಂಗಡಿ ದಾಟಿ,
ಖರ್ಜೂರ ಮುಗಿದು ಬರೀ ಕಲ್ಲು ಶುರುವಾಗುವಲ್ಲಿ ಶಾಲೆ.
ಪಾಸ್‌ಪೋರ್ಟಿನಲ್ಲಿ ಗಂಗೊಳ್ಳಿ ಬುಡಾನ್ ಸಾಹೇಬ;
ಇಲ್ಲಿ 'ಯಾ ಬುಡಾನ್, ಬಾಗಿಲು ತೆಗೆ.'

ಈ ಕಣಿವೆಯ ಚುನಾವಣೆಯ ಚರಿತ್ರೆ ಬೇಕಾದವರು
ಕಚೇರಿಗೆ ಹೋಗಿ ಕಡತ ಕೇಳಲಿ.
ನನ್ನಲ್ಲಿರುವುದು ಕುರ್ಚಿ ಲೆಕ್ಕ.

ಮೊದಲ ಸಲ ಹನ್ನೆರಡು.
ಪಟ್ಟಿಯಲ್ಲಿ ಕಣಿವೆಯವರು ಮೂರೇ ಜನ,
ಮತ ಹಾಕಲು ಅವರೂ ಪೇಟೆಗೆ ಇಳಿಯಬೇಕು.
ಕಳಿಸಿಕೊಡಲು ಊರೆಲ್ಲ ಅಂಗಳಕ್ಕೆ ಬಂತು.
ಮೂವರು ಕೂತರು.
ಪಟ್ಟಿಯಲ್ಲಿ ಇಲ್ಲದವರು ಎಷ್ಟು ಕರೆದರೂ ಕೂರಲಿಲ್ಲ,
ಒಂಬತ್ತು ಕುರ್ಚಿಯ ಹಿಂದೆ ನಿಂತೇ ಕಾಫಿ ಕುಡಿದರು.

ಎರಡನೆಯ ಸಲ ನಲವತ್ತು.
ಟಯರ್ ಅಂಗಡಿಯ ಖಲ್ಫಾನ್ ನಿಂತಿದ್ದ,
ಒಡೆದ ಫಲಜ್ ಕಾಲುವೆ ಕಟ್ಟಿಸಿ ನೀರು ತರುತ್ತೇನೆಂದು.
ಎದುರಾಳಿ ಮೀನುಪೇಟೆಯ ಕಡೆಯವನು.
ಬೆಟ್ಟದಲ್ಲಿ ತಲೆ ಕಡಿಮೆ, ಕಡಲ ಬದಿಗೆ ಜಾಸ್ತಿ;
ಈ ಗಣಿತ ಕಲಿಯಲು ಯಾವ ಶಾಲೆಯೂ ಬೇಡ.
ಖಲ್ಫಾನ್ ಸೋತ. ಆದರೂ ಆಡು ಕಡಿಸಿದ.
ಗೆದ್ದಿದ್ದರೆ ಅಷ್ಟು ಜನ ಬರುತ್ತಿದ್ದರೋ ಇಲ್ಲವೋ,
ಕುರ್ಚಿ ಸಾಲದೆ ಚಾಪೆ ಹಾಸಿದೆ.

ಮೂರನೆಯ ಸಲ ಎಂಬತ್ತು, ನಡುವೆ ಒಂದು ಪರದೆ.
ಮತಗಟ್ಟೆ ಶಾಲೆಗೇ ಬಂದಿತ್ತು.
ಪರದೆಯಾಚೆ ಮೊದಲ ಕುರ್ಚಿಯಲ್ಲಿ ಮೌಝಾ ಮುದುಕಿ,
ಇದೇ ಶಾಲೆಯ ರಾತ್ರಿ ತರಗತಿಯಲ್ಲಿ ಅಲಿಫ್ ಕಲಿತವಳು.
ಹೊರಗೆ ಬಂದು ನನಗೆ ಬೆರಳು ತೋರಿಸಿದಳು,
ನಿಮ್ಮ ದೇಶದಲ್ಲಿ ಮಸಿ ಹಚ್ಚುತ್ತಾರಂತೆ, ನನಗೆ ಹಚ್ಚಲೇ ಇಲ್ಲ!
ಮೋಸ ಹೋದವಳ ಮುಖ ಮಾಡಿದ್ದಳು.

ನಾಲ್ಕನೆಯ ಸಲದ್ದು ಗೊತ್ತಿಲ್ಲ.
ಅಮ್ಮನ ನಲವತ್ತನೆಯ ದಿನಕ್ಕೆ ಊರಿಗೆ ಹೋಗಿದ್ದೆ.
ಆಗಲೇ ನೋಡಿದ್ದು, ನಮ್ಮ ವಾರ್ಡಿನ ಪಟ್ಟಿಯಲ್ಲಿ
ಅಮ್ಮನ ಹೆಸರು ಇನ್ನೂ ಇದೆ. ನನ್ನದಿಲ್ಲ.
'ಬಂದು ಕೇಳಿದರು, ಗಲ್ಫ್ ಅಂದೆ,
ಪೆನ್ಸಿಲಿನಲ್ಲಿ ಏನೋ ಬರಕೊಂಡು ಹೋದರು'
ಅಂದಳು ಹೆಂಡತಿ, ಬಂಗುಡೆ ತೊಳೆಯುತ್ತ.

ಜೀವಮಾನದಲ್ಲಿ ನಾನು ಹಾಕಿದ್ದು ಒಂದೇ ಮತ,
ವೀಸಾ ಬರುವ ಮೊದಲಿನ ವರ್ಷ, ಕಾಗದದ ಕಾಲದಲ್ಲಿ.
ಕೈ ನಡುಗಿ ಮುದ್ರೆ ಬಿದ್ದದ್ದು ಗೆರೆಯ ಮೇಲೆ,
ಅರ್ಧ ತಕ್ಕಡಿಗೆ, ಅರ್ಧ ಸೈಕಲ್ಲಿಗೆ.
ಅಸಿಂಧುವೋ, ಯಾರಿಗಾದರೂ ಸಂದಿತೋ,
ಕೇಳುವುದು ಯಾರನ್ನು?
ಮಡಿಸಿ ಡಬ್ಬಿಗೆ ಹಾಕಿ ದುಬೈಗೆ ಬಂದೆ.

ಐದನೆಯ ಸಲ ಸೊನ್ನೆ.
ಈ ಬಾರಿ ಎಲ್ಲ ಫೋನಿನಲ್ಲೇ, ಅಂದರು ಮುದೀರ್.
ಆದರೂ ಬೆಳಿಗ್ಗೆ ಎದ್ದು ಹಾಲಿನ ಧೂಳು ಹೊಡೆದೆ.
ಹತ್ತರ ಬಿಸಿಲಿಗೆ ಮೌಝಾ ನಡೆದು ಬಂದಳು,
ಕೈಯಲ್ಲಿ ಮೊಮ್ಮಗನ ಫೋನು.
ಅವನು ಎಲ್ಲ ತುಂಬಿಸಿಟ್ಟು ಡ್ಯೂಟಿಗೆ ಹೋಗಿದ್ದಾನೆ,
ಮುಖ ತೋರಿಸಿ ಒತ್ತುವುದೊಂದೇ ಬಾಕಿ.
ಮನೆಯಲ್ಲಿ ಕೂತು ಒತ್ತಿದರೆ ಅದೆಂಥ ಮತ, ಬುಡಾನ್? ಕುರ್ಚಿ ಹಾಕು.

ಹಾಕಿದೆ.
ಫೋನು ಮುಖ ಕೇಳಿತು. ಮುಖದ ಮೇಲೆ ಬುರ್ಖಾ.
ಅವಳು ಏನೂ ಹೇಳುವ ಮೊದಲೇ
ನಾನು ಬೆನ್ನು ತಿರುಗಿಸಿ ಬಾಗಿಲಿಗೆ ಅಡ್ಡ ನಿಂತೆ,
ಮತಗಟ್ಟೆಯ ಮೇಜಿನ ಮೇಲೆ ನಿಲ್ಲಿಸುತ್ತಾರಲ್ಲ,
ಆ ರಟ್ಟಿನ ಹಾಗೆ.
ಎದುರಿಗೆ ಒಣಗಿದ ವಾದಿ, ಗಾಫ್ ಮರ,
ಖಲ್ಫಾನನ ಆಡೊಂದು ಬ್ಯಾನರಿನ ತುದಿ ಮೇಯುತ್ತಿತ್ತು.

ಹಿಂದೆ ಫೋನು ಟುಂಯ್ ಅಂತು.
'ಹೋಯಿತಾ?' ಕೇಳಿದಳು.
ನೋಡದೆ ಹೇಳಿದೆ, 'ಹೋಯಿತು, ಉಮ್ಮ.'

ಇನ್ನೊಂದು ಕುರ್ಚಿ ಹಾಕಿಕೋ, ಅಂದಳು.