ಎರಡು ಬೆರಳಿನಷ್ಟು

ರಜೆ ಅರ್ಜಿಯಲ್ಲಿ ಕಾರಣ ಬರೆಯುವ ಜಾಗ
ಒಂದೂವರೆ ಗೆರೆ.
'ಮುಖ' ಅಂತ ಬರೆದು, ಹೊಡೆದುಹಾಕಿ,
'ವೈಯಕ್ತಿಕ' ಅಂತ ಬರೆದೆ.
ರೈಟರ್ ಚೌಡಪ್ಪನವರು ಕನ್ನಡಕದ ಮೇಲಿಂದ ನೋಡಿ
ಹತ್ತು ದಿನ ಕೊಟ್ಟರು. ಏನೂ ಕೇಳಲಿಲ್ಲ.
ಹನ್ನೊಂದು ವರ್ಷ ಮೇಖ್ರಿ ಸರ್ಕಲ್ಲಿನಲ್ಲಿ
ಬೆಳಗಿನ ಪಾಳಿಗೆ ಪೂರ್ವಕ್ಕೆ ಮುಖ ಮಾಡಿ ನಿಂತವಳು;
ಬಂಗು ಎಲ್ಲಿಂದ ಬಂತು ಅಂತ
ಕೇಳುವಂಥದ್ದೇನಿದೆ?

ಮುಲಾಮು ಬಳಿದು ಮುಕ್ಕಾಲು ಗಂಟೆ ಕೂರಿಸಿದರು.
ತುಟಿ ನನ್ನದಲ್ಲ, ಕೆನ್ನೆ ನನ್ನದಲ್ಲ,
ಯಾರೋ ಬಾಡಿಗೆಗೆ ಕೊಟ್ಟ ಮುಖದ ಹಾಗೆ.
ಆಮೇಲೆ ಕಣ್ಣಿಗೆ ಮುಚ್ಚಳ, ಕತ್ತಲೆ,
ರಬ್ಬರ್ ಬ್ಯಾಂಡು ಎಳೆದೆಳೆದು ಬಿಟ್ಟಂತೆ
ಟಪ್, ಟಪ್, ಟಪ್.
ಸುಟ್ಟ ಕೂದಲಿನ ವಾಸನೆ ನನ್ನದೇ ಎಂದು ತಿಳಿಯಲು
ತುಸು ಹೊತ್ತು ಹಿಡಿಯಿತು.
ಕೆಂಪು ದೀಪದ ಲೆಕ್ಕ ಬಾಯಿಪಾಠ, ಎಣಿಸಿದೆ,
ನೂರ ಎಂಬತ್ತರಿಂದ ಹಿಂದಕ್ಕೆ.
ಸೊನ್ನೆಗೆ ಬಂದರೂ ಹಸಿರು ಬೀಳಲಿಲ್ಲ.

ಡಾಕ್ಟರ್ ಪ್ರಫುಲ್ಲಾ ಚೀಟಿಯ ಹಿಂಬದಿಗೆ ಬರೆದುಕೊಟ್ಟರು:
ಸೋಪು ಬೇಡ. ಹಬೆ ಬೇಡ. ಉಜ್ಜಬೇಡಿ.
ಹಕ್ಕಳೆ ತಾನಾಗಿ ಬೀಳಲಿ, ಕೀಳಬೇಡಿ.
ಆಮೇಲೆ ಸನ್‌ಸ್ಕ್ರೀನ್, ಎರಡು ಬೆರಳಿನಷ್ಟು, ಮೂರು ಗಂಟೆಗೊಮ್ಮೆ.
ಬಿಸಿಲಿಗೆ ಮಾತ್ರ ಹೋಗಲೇಬೇಡಿ, ಎಂದರು.
ನನ್ನ ಕೆಲಸ ಹೇಳಿದೆ.
ಪೆನ್ನಿನ ಕ್ಯಾಪು ಹಾಕಿದರು, ತೆಗೆದರು, ಹಾಕಿದರು.

ಲಗ್ಗೆರೆಯ ಮನೆಗೆ ಇರುವುದೊಂದೇ ಕಿಟಕಿ,
ಅದಕ್ಕೆ ದುಪ್ಪಟಿ ಕಟ್ಟಿದ್ದಾಯಿತು.
ಮೊದಲ ದಿನ ಬಾತ ಮುಖದಲ್ಲಿ ಕಣ್ಣೆರಡೂ ಹುಣಸೆಬೀಜ.
ಎರಡನೇ ದಿನ ಉರಿ, ತಣ್ಣೀರ ಬಟ್ಟೆ, ವ್ಯಾಸಲೀನು.
ಮೂರರಂದು ಕೆನ್ನೆ ತುಂಬ
ಫಿಲ್ಟರಿನಲ್ಲಿ ಉಳಿದ ಕಾಫಿ ಗಸಿ.
'ಇದಕ್ಕೇನಾ ಚೀಟಿ ಎತ್ತಿದ್ದು?' ಅಂದರು ಅತ್ತೆ.
ಇದಕ್ಕೇ.
ಅರಿಶಿನ, ಕಡಲೆಹಿಟ್ಟು, ಕೆನೆ ಕಲಸಿದ ಬಟ್ಟಲನ್ನು
ಬಾಗಿಲ ಹೊರಗೇ ಇಟ್ಟು ಹೋದರು,
ಬೆಕ್ಕಿಗೆ ಹಾಲಿಡುವ ಹಾಗೆ.
ಸಂಜೆ ಒಣಗಿದ ಬಟ್ಟಲು ತೊಳೆದೆ.
ಇಬ್ಬರೂ ಆ ಮಾತೆತ್ತಲಿಲ್ಲ.

ನನಗೆ ಹಬೆ ಬೇಡವೆಂದು ತಿಪ್ಪೇಶ ಅನ್ನಕ್ಕಿಟ್ಟ;
ಮೂರು ವಿಸಿಲಿಗೆ ಇಳಿಸುವುದನ್ನು ಏಳಕ್ಕೆ ಇಳಿಸಿದ.
ಪ್ರತಿ ವಿಸಿಲಿಗೂ ನನ್ನ ಬಲಗೈ
ತಾನಾಗಿ ಮೇಲೆದ್ದಿತು.

ಇಂಪನಾಳ ಶಾಲೆಯ ಚಿತ್ರದಲ್ಲಿ
ಅಮ್ಮನಿಗೆ ಬಿಳಿ ಅಂಗಿ, ಖಾಕಿ ಪ್ಯಾಂಟು,
ಎರಡೂ ಕೆನ್ನೆಗೆ ಕಂದು ಕ್ರೆಯಾನು,
ಗೆರೆ ದಾಟದೆ, ಒತ್ತಿ ಒತ್ತಿ ತುಂಬಿದ್ದಾಳೆ.
ರಬ್ಬರು ಹಿಡಿದು ಬಂದು ನಿಂತಳು:
'ಈಗ ಇದನ್ನ ಅಳಿಸಬೇಕಾ?'
ಕ್ರೆಯಾನು ರಬ್ಬರಿಗೆ ಹೋಗಲ್ಲ ಕಣೇ, ಎಂದೆ.

ಆರನೇ ಬೆಳಗ್ಗೆ ದಿಂಬಿನ ಮೇಲೆ
ರಾಗಿ ತೌಡಿನಂಥ ಪುಡಿ.
ಹೆಬ್ಬಾಳದ ಧೂಳು, ಡೀಸೆಲ್ಲು, ಹನ್ನೊಂದು ಏಪ್ರಿಲ್ಲು.
ಕೊಡವದೆ ತುಸು ಹೊತ್ತು ನೋಡುತ್ತ ಕೂತೆ.
ಕನ್ನಡಿಯಲ್ಲಿ ಹೊಸ ಚರ್ಮ ನಸುಗೆಂಪು,
ಎಣ್ಣೆನೀರು ಹಾಕಿಸಿಕೊಂಡ ಕೂಸಿನ ಹಾಗೆ
ನನ್ನನ್ನು ಗುರುತಿಲ್ಲದೆ ನೋಡಿತು.
ಬಂಗು ಮರಳಿದರೂ ಮರಳಬಹುದು,
ಎಂದಿದ್ದರು ಡಾಕ್ಟರು, ಬಿಲ್ಲು ಕೊಡುವ ಮುಂಚೆಯೇ.
ಆ ಮಟ್ಟಿಗೆ ಪ್ರಾಮಾಣಿಕರು.

ಹನ್ನೊಂದನೇ ದಿನ ಎರಡು ಬೆರಳಿನಷ್ಟು ಬಳಿದು
ಟೋಪಿ ತಗ್ಗಿಸಿ ಡ್ಯೂಟಿಗೆ ಹೋದೆ.
ಸಿಗ್ನಲ್ಲಿನಲ್ಲಿ ಬೈಕಿನವರೆಲ್ಲ ಎಂದಿನಂತೆ
ಬಿಳಿ ಗೆರೆಯಿಂದ ಮೂವತ್ತು ಅಡಿ ಹಿಂದೆ,
ಮರದ ನೆರಳು ಎಷ್ಟಿದೆಯೋ ಅಷ್ಟರೊಳಗೇ
ಒತ್ತಿಕೊಂಡು ನಿಂತಿದ್ದರು. ಮುಂದೆಲ್ಲ ಖಾಲಿ.
ಇಷ್ಟು ವರ್ಷ ಸೀಟಿ ಊದಿ ಊದಿ
ಮುಂದೆ ಬನ್ನಿ, ಮುಂದೆ ಬನ್ರೀ ಎಂದು ಗದರಿದವಳು.
ಇವತ್ತೂ ಸೀಟಿ ಬಾಯಲ್ಲಿತ್ತು.
ನೆರಳಿನ ಅಂಚಿನಲ್ಲಿ, ಮೀನಿನ ಡಬ್ಬ ಕಟ್ಟಿದ ಮೊಪೆಡ್ಡಿನ ಮುದುಕ
ನನ್ನ ಕಡೆ ನೋಡುತ್ತಲೇ
ಕಾಲಲ್ಲಿ ತಳ್ಳಿಕೊಂಡು
ಒಂದು ಗೇಣು ಹಿಂದಕ್ಕೆ ಸರಿದ.
ಅವನ ಮುಖಕ್ಕೆ ನೆರಳು ಬಂತು.

ಸಿಗ್ನಲ್ಲಿನಲ್ಲಿ ಇನ್ನೂ ನೂರ ಹತ್ತು ಇತ್ತು.