ಏಳನೆಯ ಬುಟ್ಟಿ

ಎರಡು ಸದ್ದು ಒಟ್ಟಿಗೇ ಬಂದವು.
ಕೋರೆಯ ಆಚೆ ದಡದಲ್ಲಿ
ಸರಪಳಿ ಝಣ್ ಅಂದದ್ದು,
ಈಚೆ ನನ್ನೊಳಗೆ
ಹಸಿ ಕೊಂಬೆ ತಿರುಚಿದ ಹಾಗೆ ಒಂದು ಟಕ್.

ಗೆಳೆಯರು ಕೇಳಿದ್ದು ಮೊದಲನೆಯದನ್ನು ಮಾತ್ರ.
ಇದಿನಬ್ಬ ಟೊಪ್ಪಿ ಹಾರಿಸಿ
"ಹರಿಣಾಕ್ಷಾ, ಒಂದೇ ಎಸೆತಕ್ಕೆ ಮಾರಾಯಾ!" ಎಂದು
ಗೇರುಮರಗಳಿಗೆಲ್ಲ ಸುದ್ದಿ ಮುಟ್ಟಿಸಿದ.
ನಾನು ಪಾಚಿಯ ಮೇಲೆ ಅಂಗಾತ ಬಿದ್ದಿದ್ದೆ.
ಖುಷಿಗೆ ಮಲಗಿದ್ದಾನೆ ಅಂದುಕೊಂಡರಂತೆ.

ಬುಟ್ಟಿಗಳನ್ನು ಬೆಸೆದವನೂ ಅವನೇ:
ಬಂದರಿನಲ್ಲಿ ಒಡೆದ ದೋಣಿಯ ಸರಪಳಿ,
ಹಳೆ ಸೈಕಲ್ಲಿನ ರಿಮ್ಮು.
ಮುಡಿಪಿನ ಆಚೆ, ಮುರಕಲ್ಲು ಮುಗಿದು
ಯಾರಿಗೂ ಬೇಡವಾದ ಗುಂಡಿಗಳ ನಡುವೆ ಒಂಬತ್ತು.
ಏಳನೆಯದಕ್ಕೆ ಮಾತ್ರ ಕೋರೆ ದಾಟಿಸಬೇಕು,
ತಪ್ಪಿದರೆ ಡಿಸ್ಕು ಹಸಿರು ನೀರಿಗೆ.
ಎರಡು ವರ್ಷದಲ್ಲಿ ನನ್ನವು ಹನ್ನೊಂದು
ಅಲ್ಲಿ ತಳದಲ್ಲಿ ಮಲಗಿವೆ.

ಕಂಕನಾಡಿಯ ಆಸ್ಪತ್ರೆ. ಚೀಟಿಯಲ್ಲಿ
'ಸಿಟಿ ಬಸ್ ಕಂಡಕ್ಟರ್' ಎಂದು ಓದಿದ ಡಾಕ್ಟರು
"ಬಸ್ಸಿಂದ ಬಿದ್ದದ್ದಾ?" ಅಂದರು.
ಹೌದು ಅಂದುಬಿಟ್ಟೆ.
ನಲವತ್ತೊಂದರ ಗಂಡಸು
ತಟ್ಟೆ ಎಸೆಯುತ್ತಿದ್ದೆ ಎಂದು ಹೇಗೆ ಹೇಳುವುದು?
ಫುಟ್‌ಬೋರ್ಡಿನಿಂದ ಬಿದ್ದವನಿಗಾದರೆ
ಒಂದು ಮರ್ಯಾದೆ ಉಂಟು.

ಸುಳ್ಳಿಗೆ ಮೊಣಕಾಲು ನೋಯುವುದಿಲ್ಲ,
ನನಗಿಂತ ಮೊದಲು ಸ್ಟೇಟ್‌ಬ್ಯಾಂಕಿನವರೆಗೆ ನಡೆದು ಹೋಯಿತು.
ಡ್ರೈವರ್ ವಾಮನಣ್ಣ ಬೊಂಡ ತಂದ,
"ನಾನು ಬ್ರೇಕ್ ಹಾಕಿದ್ದು ಜೋರಾಯಿತಾ?" ಎಂದು
ನೆಲ ನೋಡುತ್ತ ಕೇಳಿದ.
ದಿನಾ ನಮ್ಮ ಬಸ್ಸಿಗೇ ಬರುವ ಕುಸುಮಕ್ಕ
ಮೀನಿನ ಬುಟ್ಟಿಯಿಂದ ದೊಡ್ಡ ಬಂಗುಡೆ ಆರಿಸಿ ಕಳಿಸಿದಳು.
ಸಿಪ್ರಿಯನ್ ಧಣಿ ಇಪ್ಪತ್ತು ಸಾವಿರ ಕೊಟ್ಟು,
ಹಳೆ ಫುಟ್‌ಬೋರ್ಡು ಕೀಳಿಸಿ
ರಬ್ಬರು ಅಂಟಿಸಿದ ಹೊಸದು ಹಾಕಿಸಿದರು.

ವಾರಿಜ ಮಾತ್ರ ನನ್ನ ಪ್ಯಾಂಟು ಒಗೆಯುತ್ತ
"ಬಸ್ಸಿನಲ್ಲಿ ಪಾಚಿ ಯಾವಾಗ ಬೆಳೆಯಿತು?" ಅಂದಳು,
ಉತ್ತರಕ್ಕೆ ಕಾಯಲಿಲ್ಲ.

ಬಲತೊಡೆ ಬಾಡಿದ ಬಸಳೆದಂಟು.
ಮೊಣಕಾಲಿನಡಿ ಸುತ್ತಿದ ಬೈರಾಸು,
ಒತ್ತಬೇಕು, ಹತ್ತು ಎಣಿಸುವವರೆಗೆ ಬಿಡಬಾರದು.
ಫಿಸಿಯೋ ಜಿನ್ಶಾ ಕಣ್ಣೂರಿನ ಹುಡುಗಿ,
ತುಳು ಕಲಿಯುತ್ತಿದ್ದಳು, ನನ್ನ ಕಾಲಿನ ಮೇಲೆ.
ಒಂಜಿ, ರಡ್ಡ್, ಮೂಜಿ, ನಾಲ್...
ಏಳರ ತನಕ ನೀರು ಹರಿದ ಹಾಗೆ,
ಎಂಟು ಮಾತ್ರ ಯಾವತ್ತೂ ಮರೆತುಹೋಗುತ್ತಿತ್ತು.
ಅವಳು ಛಾವಣಿ ನೋಡುತ್ತ ಹುಡುಕುವಷ್ಟು ಹೊತ್ತೂ
ನಾನು ಹಲ್ಲು ಕಚ್ಚಿ ಒತ್ತಿ ಹಿಡಿಯಬೇಕು.
"ಎಣ್ಮ!" ಎಂದು ನಾನೇ ಕಿರುಚುತ್ತಿದ್ದೆ.
ಕಾಲು ಸರಿಯಾದದ್ದು
ಅವಳ ಆ ಮರೆವಿನಿಂದ ಎಂದು ನನಗೆ ಗುಮಾನಿ.

ಐದನೆಯ ತಿಂಗಳು ಡ್ಯೂಟಿಗೆ ಹೋದೆ.
ಹೊಸ ಫುಟ್‌ಬೋರ್ಡಿನ ರಬ್ಬರು
ಅಂಗಾಲಿಗೆ ಅಷ್ಟು ಮೆತ್ತಗೆ ತಾಗಿತು,
ದಿನವಿಡೀ ಅಲ್ಲಿ ನಿಲ್ಲಲಾಗಲಿಲ್ಲ.
ರಾತ್ರಿ ಕಲೆಕ್ಷನ್ ಒಪ್ಪಿಸುವಾಗ ಎಲ್ಲ ಹೇಳಿದೆ,
ಕೋರೆ, ಸರಪಳಿ, ಪಾಚಿ.
ಧಣಿ ನೋಟು ಎಣಿಸಿ ಮುಗಿಸಿದರು.
ರಬ್ಬರ್ ಬ್ಯಾಂಡ್ ಹಾಕಿದರು.
ಆಮೇಲೆ,
"ಆ ತಟ್ಟೆ ಎಷ್ಟು ದೂರ ಹೋಗುತ್ತದೆ?"

ತಿಂಗಳಿಗೆ ಎರಡು ಸಾವಿರ ಹಿಡಿಯುತ್ತಾರೆ ಈಗ.
ಫುಟ್‌ಬೋರ್ಡು ಹಾಗೇ ಇದೆ,
ಕುಸುಮಕ್ಕನಿಗೆ ಹತ್ತಲಿಕ್ಕೆ ಸುಲಭವಂತೆ.
ವಾಮನಣ್ಣ ಎರಡು ದಿನ ಮಾತಾಡಲಿಲ್ಲ.

ನಿನ್ನೆ ಭಾನುವಾರ. ಓಡದೆ, ನಿಂತಲ್ಲಿಂದ,
ಮೊದಲ ಬುಟ್ಟಿಗೆ.
"ರೈಟ್, ಪೋಯಿ" ಅಂದೆ ಮೊಣಕಾಲಿಗೆ.
ಡಿಸ್ಕು ಗೇರುಮರಕ್ಕೆ ಬಡಿದು
ಹೆಚ್ಚುಕಡಿಮೆ ನನ್ನ ಕಾಲಬುಡಕ್ಕೇ ವಾಪಸು ಬಂತು.
ಯಾರೂ ನಗಲಿಲ್ಲ, ಅದೇ ಬೇಸರ.

ಏಳನೆಯದರಲ್ಲಿ ನಾನು ಕಲ್ಲಿನ ಮೇಲೆ ಕೂತೆ.
ಇದಿನಬ್ಬ ಎಸೆದ.
ಆಚೆ ದಡದಲ್ಲಿ ಝಣ್ ಅಂದಾಗ
ಎಲ್ಲರ ಕೈ ಮೇಲೆ ಹೋಯಿತು,
ನನ್ನದು ಮೊಣಕಾಲಿಗೆ.