ಸಿಹಿನೀರು, ಮೂವತ್ತಮೂರು ಕೊಡ

ಬೈತಖೋಲದ ಜೆಟ್ಟಿಗೆ ತಾಗಿ ನನ್ನ ಶೆಡ್ಡು.
ಇಪ್ಪತ್ತಾರು ವರ್ಷದಿಂದ ಬೋಟಿನ ಎಂಜಿನ್ ಬಿಚ್ಚುವುದೇ ಕಸುಬು.
ರಾಕೆಟ್ಟಿನ ಬಗ್ಗೆ ನನಗೇನು ಗೊತ್ತು?
ಉಪ್ಪಿನ ಬಗ್ಗೆ ಗೊತ್ತು.
ಅದಕ್ಕೇ ಕರೆದರು.

ಅಂಕೋಲೆ ಕಡೆಯ ಹುಡುಗಿ, ಮಂದಾಕಿನಿ ಗಾಂವಕರ,
ಬಂದ ದಿನವೇ ಗ್ರೀಸು ಮೆತ್ತಿದ ಸ್ಟೂಲಿನ ಮೇಲೆ ಕೂತು ಕೇಳಿದಳು:
ಸಮುದ್ರಕ್ಕೆ ಬಿದ್ದ ಎಂಜಿನ್ನು
ಎಷ್ಟು ಹೊತ್ತಿನೊಳಗೆ ತೊಳೆದರೆ ಬದುಕುತ್ತದೆ?
ಎರಡು ತಾಸು, ಎಂದೆ.
ಮೂರನೆಯ ತಾಸಿಗೆ ಹಿತ್ತಾಳೆ ಹಸಿರು ಕಾರುತ್ತದೆ.
ಬರೆದುಕೊಂಡಳು.
ನನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು.

ದೊಡ್ಡದೇನಲ್ಲ ಅವರ ರಾಕೆಟ್ಟು,
ನಿಲ್ಲಿಸಿದರೆ ಒಂದು ತೆಂಗಿನ ಮರ, ಅದೂ ಎಳೆಯದು.
ಕೆಳಗಿನರ್ಧ ಮರಳಿ ಬರಬೇಕು.
ಮೇಲಿನರ್ಧ ಹೋದದ್ದು ಹೋಯಿತು.
ಈ ಸಲ ತುದಿಯಲ್ಲಿ ಉಪಗ್ರಹವೂ ಇಲ್ಲ,
ಅದರ ತೂಕಕ್ಕೆ ಕಾಳಿ ನದಿಯ ಮರಳು, ಹದಿನಾಲ್ಕು ಕಿಲೋ,
ಸದಾಶಿವಗಡದ ಕಿರಾಣಿ ಅಂಗಡಿಯಲ್ಲಿ ತೂಗಿದ್ದು.

ಏಳೂ ಹತ್ತಕ್ಕೆ ಬಾರ್ಜಿನಿಂದ ಎದ್ದಿತು.
ಮೊದಲು ಬೆಳಕು. ಆಮೇಲೆ ಸದ್ದು.
ನಮ್ಮ ಬೋಟಿನ ಬೆನ್ನಿಗಿದ್ದ ಕಡಲಕಾಗೆಗಳು
ಒಮ್ಮೆಲೇ ನೀರಿಗೆ ಕೂತವು.
ತಾಂಡೇಲ ವಿಠೋಬ ಮಾತ್ರ ಮೇಲೆ ನೋಡಲಿಲ್ಲ,
ನೀರನ್ನೇ ನೋಡುತ್ತ ಹೇಳಿದ:
ತೆಂಕಕ್ಕೆ ಬೀಳ್ತದೆ, ಬರೆದಿಟ್ಕೊಳ್ಳಿ.

ಅವನು ಹೇಳಿದಲ್ಲೂ ಬೀಳಲಿಲ್ಲ, ಕಂಪ್ಯೂಟರ್ ಹೇಳಿದಲ್ಲೂ ಇಲ್ಲ.
ಕಿತ್ತಳೆ ಬಣ್ಣದ ಮೂರು ಛತ್ರಿಗಳಲ್ಲಿ ಎರಡೇ ಅರಳಿ,
ಕೂರ್ಮಗಡದಿಂದ ಬಡಗಣಕ್ಕೆ ಎಲ್ಲೋ
ದೊಪ್ಪೆಂದಿತು.
ಮುಟ್ಟುವಷ್ಟರಲ್ಲಿ ನಲವತ್ತು ನಿಮಿಷ.
ಬಲೆ ಎಳೆಯುವ ವಿಂಚಿನಿಂದಲೇ ಎತ್ತಿದೆವು.
ನೀರು ಸುರಿಯಿತು, ಅದರ ಜೊತೆಗೊಂದು ಪುಟ್ಟ ಏಡಿ.

ಜೆಟ್ಟಿಗೆ ಬಂದರೆ ಸಿಹಿನೀರಿನ ಟ್ಯಾಂಕರ್ ಇಲ್ಲ!
ಬಿಣಗಾದ ಏರಿನಲ್ಲಿ ಕ್ಲಚ್ಚು ಸುಟ್ಟು ನಿಂತಿದೆಯಂತೆ.
ಉಳಿದದ್ದು ಐವತ್ತು ನಿಮಿಷ.

ಗುಡ್ಡದ ಬುಡದ ಒಂದು ಬಾವಿ ಮಾತ್ರ
ಏಪ್ರಿಲ್‌ನಲ್ಲೂ ಸಪ್ಪೆಯಾಗುವುದಿಲ್ಲ, ಉಪ್ಪಾಗುವುದಿಲ್ಲ.
ಸೇವಂತಿ ಹರಿಕಂತ್ರಳದ್ದು.
ಒಣಮೀನು ತಿರುವುತ್ತಿದ್ದವಳು ತಲೆಯೆತ್ತದೆ ಕೇಳಿದಳು:
ಎಷ್ಟು ಕೊಡ?
ಮೂವತ್ತು.
ಮೂವತ್ತೆಂದರೆ ಈ ಕೇರಿಗೆ ಒಂದು ದಿನ.
ಟ್ಯಾಂಕರ್ ಬಂದದ್ದೇ ನಿಮಗೆ, ಎಂದಳು ಮಂದಾಕಿನಿ, ಪೂರ್ತಿ.
ತೊಳೆದ ನೀರು?
ಗಟಾರಕ್ಕೆ.
ಬಾವಿ ಕಡೆ ಒಂದು ಹನಿ ಹರಿದರೂ ನೋಡು, ಎಂದು
ಹಗ್ಗವನ್ನು ತಾನೇ ಕೈಗೆ ಸುತ್ತಿಕೊಂಡಳು.

ಸಾಲು ನಿಂತೆವು. ವಿಠೋಬನೂ ನಿಂತ,
ಪಿಎಚ್‌ಡಿ ಮಾಡಿದವರೂ ನಿಂತರು.
ಕೈಯಿಂದ ಕೈಗೆ ಕೊಡ, ಕೊಡದಿಂದ ಕೊಳವೆಗೆ ನೀರು.
ಮೂವತ್ತಕ್ಕೆ ಅವರ ಮೀಟರ್ ಸಾಕು ಎಂದಿತು.
ನಾನು ಬಗ್ಗಿ ನಳಿಕೆಯ ಅಂಚನ್ನು ನಾಲಗೆಯಿಂದ ನೆಕ್ಕಿದೆ.
ಎಲ್ಲ ನಕ್ಕರು.
ಇನ್ನೂ ಇದೆ, ಎಂದೆ.
ಮಂದಾಕಿನಿ ಮೀಟರ್ ನೋಡಿದಳು, ನನ್ನನ್ನು ನೋಡಿದಳು.
ಇನ್ನು ಮೂರು, ಎಂದಳು.

ಈಗ ಅದು ಸೇವಂತಿಯ ಅಂಗಳದಲ್ಲಿ,
ಒಣಗುವ ತೋರಿ ಮೀನಿನ ಪಕ್ಕ, ತಾನೂ ಒಣಗುತ್ತಿದೆ.
ಬೆಕ್ಕೊಂದು ಮೂಸಿ ಬಿಟ್ಟುಹೋಯಿತು.
ಹೊಟ್ಟೆಯ ಮೇಲೆ ಸೀಮೆಸುಣ್ಣದ ಗೀಟು ಎರಡಿತ್ತು,
ನಾನು ಮೂರನೆಯದು ಎಳೆದೆ, ಸ್ವಲ್ಪ ಸೊಟ್ಟಗೆ.

ಆ ಮರಳು?
ಕಾಳಿ ಹೇಗೂ ಅದನ್ನು ಸಮುದ್ರಕ್ಕೇ ಒಯ್ಯುತ್ತಿತ್ತು.
ಹನ್ನೊಂದು ಕಿಲೋಮೀಟರ್ ಮೇಲಿನಿಂದ
ಸುತ್ತು ಹಾಕಿ ಹೋಯಿತು, ಅಷ್ಟೆ.

ಶನಿವಾರ ಬಿಚ್ಚಬೇಕು.
ಎರಡನೆಯ ವಾಲ್ವಿನ ಮೇಲೆ ನನಗೆ ಅನುಮಾನ.